ಬ್ಯಾಟರಿ ಬದಲಾಯಿಸೋ ಮುಂಚೆ ಆಲ್ಟರ್ನೇಟರ್ ಒಮ್ಮೆ ನೋಡಿ
ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂದ ತಕ್ಷಣ ಹೊಸ ಬ್ಯಾಟರಿ ಹಾಕಿಸ್ಬೇಡಿ, ಎಷ್ಟೋ ಸಲ ಬ್ಯಾಟರಿ ಚೆನ್ನಾಗೇ ಇರುತ್ತೆ, ಅದನ್ನ ಚಾರ್ಜ್ ಮಾಡೋ ಆಲ್ಟರ್ನೇಟರ್ ಕೈಕೊಟ್ಟಿರುತ್ತೆ. ವೋಲ್ಟೇಜ್ ಅಳೆಯೋ ಒಂದು ಮಲ್ಟಿಮೀಟರ್ ತಗೊಳ್ಳಿ, ಎಲೆಕ್ಟ್ರಿಕಲ್ ಅಂಗಡೀಲಿ ಸಾಧಾರಣದ್ದು ಸಾಕು. ರಾತ್ರಿಯೆಲ್ಲಾ ನಿಂತ ಗಾಡಿಲಿ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸ್ಬೇಕು, ಎಂಜಿನ್ ಸ್ಟಾರ್ಟ್ ಮಾಡಿದ್ಮೇಲೆ 13.8 ರಿಂದ 14.5ರ ಒಳಗೆ ಬರ್ಬೇಕು, ಆಮೇಲೆ ಹೆಡ್‌ಲೈಟು, ಎಸಿ ಬ್ಲೋವರ್ ಎಲ್ಲಾ ಹಾಕಿ ನೋಡಿ, 13ಕ್ಕಿಂತ ಕೆಳಗೆ ಇಳೀತಿದ್ರೆ ಚಾರ್ಜಿಂಗ್ ವೀಕು ಅಂತ ಅರ್ಥ. 15 ದಾಟಿದ್ರೆ ವೋಲ್ಟೇಜ್ ಮಿತೀಲಿ ಇಡೋ ರೆಗ್ಯುಲೇಟರ್ ಹೋಗಿದೆ, ಬ್ಯಾಟರೀನ ಸುಟ್ಟೇ ಬಿಡುತ್ತೆ. (ಸ್ಮಾರ್ಟ್ ಹೈಬ್ರಿಡ್ ಥರದ ಹೊಸ ಗಾಡಿಗಳಲ್ಲಿ ವೋಲ್ಟೇಜ್ ಬೇಕಂತಲೇ ಏರಿಳಿತ ಆಗುತ್ತೆ, ಹೆದರ್ಬೇಡಿ.)

ಆಲ್ಟರ್ನೇಟರ್ ತಿರುಗಿಸೋ ಬೆಲ್ಟ್ ಬಿರುಕು ಬಿಟ್ಟಿದ್ಯಾ, ಸಡಿಲ ಆಗಿದ್ಯಾ ನೋಡಿ, ಮಳೇಲಿ ಸ್ಟಾರ್ಟ್ ಮಾಡ್ದಾಗ ಕಿರ್‍ರ್ ಅಂದ್ರೆ ಮೊದಲ ಅನುಮಾನ ಅದೇ. ಬ್ಯಾಟರಿ ಟರ್ಮಿನಲ್ ಮೇಲಿನ ಬಿಳಿ ಪುಡಿ ತೆಗೆದು ಗಟ್ಟಿ ಟೈಟ್ ಮಾಡಿ. ಸರ್ವಿಸ್ ಸ್ಟೇಷನ್ನಲ್ಲಿ ಎಂಜಿನ್ನಿಗೆ ಪ್ರೆಷರ್ ವಾಟರ್ ಬಿಡೋವಾಗ ಆಲ್ಟರ್ನೇಟರ್ ಮೇಲೆ ಬೇಡ ಅಂತ ಬಾಯ್ಬಿಟ್ಟು ಹೇಳಿ. ಎಂಜಿನ್ ಓಡ್ತಿರೋವಾಗ ಬ್ಯಾಟರಿ ವೈರ್ ತೆಗೆದು ಟೆಸ್ಟ್ ಮಾಡೋ ಹಳೇ ಮೆಕ್ಯಾನಿಕ್ ಐಡಿಯಾ ಮಾತ್ರ ಬೇಡ್ವೇ ಬೇಡ, ವೋಲ್ಟೇಜ್ ಜಿಗಿದು ಆಲ್ಟರ್ನೇಟರ್ ಒಳಗಿನ ಡಯೋಡು, ಎಂಜಿನ್ ನಡೆಸೋ ಕಂಪ್ಯೂಟರ್ ಅಂದ್ರೆ ಇಸಿಯು, ಎರಡೂ ಹೋಗ್ಬಹುದು. ಆಲ್ಟರ್ನೇಟರ್ ರಿಪೇರಿ ಅಂದ್ರೆ ಬರೀ ಅದರೊಳಗಿನ ಬ್ರಷ್, ಬೇರಿಂಗ್ ಬದಲಾಯಿಸಿದ್ರೆ ಆಗುತ್ತಾ ಅಂತ ಮೊದ್ಲು ಆಟೋ ಎಲೆಕ್ಟ್ರಿಷಿಯನ್ ಹತ್ರ ಕೇಳಿ, ಆಮೇಲೆ ಹೊಸದರ ಮಾತು.