ಲಮೇಟಾ ಬಂಡೆಯಲ್ಲಿ ಡೈನೋಸಾರ್ ಮೊಟ್ಟೆ ಗುರುತಿಸುವುದು ಹೇಗೆ?

ದುಂಡಗಿದೆ ಅಂದ ಮಾತ್ರಕ್ಕೆ ಅದು ಮೊಟ್ಟೆಯಲ್ಲ. ನರ್ಮದಾ ಕಣಿವೆಗೆ ಹೋಗುವವರು ಮೊದಲು ಇದನ್ನು ತಲೆಯಲ್ಲಿಟ್ಟುಕೊಳ್ಳಿ, ಆ ಕಡೆ ದುಂಡು ಕಲ್ಲುಗಳಿಗೇನೂ ಬರವಿಲ್ಲ.

ಮೊದಲು ಬಂಡೆ ನೋಡಿ. ಮೇಲೆ ದಖನ್ ಪ್ರಸ್ಥಭೂಮಿಯ ಕಪ್ಪು ಬಸಾಲ್ಟ್ (ಲಾವಾ ತಣಿದು ಆದ ಕಲ್ಲು), ಅದರ ಕೆಳಗೆ ತೆಳು ಬಣ್ಣದ, ಮರಳು ಬೆರೆತ ಸುಣ್ಣಕಲ್ಲು ಇದ್ದರೆ ನೀವು ಸರಿಯಾದ ಕಡೆ ಇರುವ ಸಾಧ್ಯತೆ ಜಾಸ್ತಿ. ಜಬಲ್ಪುರದಿಂದ ಗುಜರಾತಿನ ಬಾಲಾಸಿನೋರ್ ತನಕ ಅಲ್ಲಲ್ಲಿ ಕಾಣುವ ಈ ಸುಣ್ಣಕಲ್ಲಿನ ಪದರಗಳೇ ಲಮೇಟಾ ಬಂಡೆ. ಇವು ಡೈನೋಸಾರ್‌ಗಳ ಕೊನೆಯ ಕಾಲದವು, ಅಂದರೆ ಸುಮಾರು 6.6 ರಿಂದ 7 ಕೋಟಿ ವರ್ಷ ಹಳೆಯವು. ಬಸಾಲ್ಟ್ ಕೂಡ ಸವೆದು ಉಂಡೆಯಾಗುತ್ತದೆ, ಈರುಳ್ಳಿಯಂತೆ ಪದರ ಪದರವಾಗಿ ಸುಲಿಯುತ್ತದೆ. ಜನ ಮೋಸಹೋಗುವುದು ಇಲ್ಲೇ.

ಹಾಗಾದರೆ ಏನು ನೋಡಬೇಕು? ಚಿಪ್ಪು. ಉದ್ದ ಕತ್ತಿನ, ಸಸ್ಯಾಹಾರಿ ಟೈಟನೋಸಾರ್‌ಗಳ ಮೊಟ್ಟೆ ಸಾಮಾನ್ಯವಾಗಿ 15 ಸೆಂಟಿಮೀಟರ್ ಆಸುಪಾಸು ಅಗಲ ಇರುತ್ತದೆ. ಒಡೆದ ಅಥವಾ ಸವೆದ ಬಂಡೆಯ ಮೇಲೆ ಅದು ಒಂದು ವೃತ್ತವಾಗಿ ಕಾಣುತ್ತದೆ, ಒಳಗೂ ಹೊರಗೂ ಒಂದೇ ಬಗೆಯ ಕಲ್ಲು, ನಡುವೆ ಕೆಲವೇ ಮಿಲಿಮೀಟರ್ ದಪ್ಪದ ಬೇರೆ ಬಣ್ಣದ ಗೆರೆ. ಆ ಗೆರೆಯೇ ಚಿಪ್ಪು. 10 ಪಟ್ಟು ದೊಡ್ಡದು ಮಾಡುವ ಕೈಮಸೂರ ಹಿಡಿದರೆ ಹೊರಮೈಯಲ್ಲಿ ಸಣ್ಣ ಗುಬುಟುಗಳು ಕಾಣಬಹುದು. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ ನೋಡಿ, ನಡುಮಧ್ಯಾಹ್ನ ಎಲ್ಲವೂ ಚಪ್ಪಟೆಯಾಗಿ ಕಾಣುತ್ತದೆ. ಒಂದು ಸಿಕ್ಕರೆ ಸುತ್ತಲೂ ಹುಡುಕಿ, ಗೂಡಿನಲ್ಲಿ ಹಲವು ಮೊಟ್ಟೆ ಇರುತ್ತಿದ್ದವಲ್ವಾ! ಮಧ್ಯಪ್ರದೇಶದ ಧಾರ್ ಜಿಲ್ಲೆಯ 92 ಗೂಡು, 256 ಮೊಟ್ಟೆಗಳ ವಿವರ 2023 ರಲ್ಲಿ ಪ್ರಕಟವಾಯಿತು.

ಸಿಕ್ಕಿತು ಅಂತ ದಯವಿಟ್ಟು ಕೀಳಬೇಡಿ, ಸುತ್ತಿಗೆ ಬೇಡ, ಆಸಿಡ್ ಅಂತೂ ಬೇಡವೇ ಬೇಡ. ಗುಜರಾತಿನ ಧೋಲಿ ಡುಂಗ್ರಿಯಲ್ಲಿ 1984 ರಲ್ಲಿ ಭೂವಿಜ್ಞಾನಿ ಧನಂಜಯ ಮೊಹಾಬೆ ತೆಗೆದ ಬಂಡೆಯಲ್ಲಿ ಮೊಟ್ಟೆಗಳೂ ಮರಿಯ ಮೂಳೆಗಳೂ ಒಟ್ಟಿಗೇ ಉಳಿದಿದ್ದವು. ಆ ಮೂಳೆಗಳಲ್ಲಿ ಹಾವಿನವೂ ಇವೆ ಅಂತ ಗೊತ್ತಾಗಿದ್ದು ವರ್ಷಗಳ ನಂತರ. ಗೂಡಿನಲ್ಲಿ ಸುರುಳಿ ಸುತ್ತಿಕೊಂಡಿದ್ದ, ಸುಮಾರು 3.5 ಮೀಟರ್ ಉದ್ದದ ಆ ಹಾವಿಗೆ 2010 ರಲ್ಲಿ ಸನಜೆ ಇಂಡಿಕಸ್ ಅಂತ ಹೆಸರಿಟ್ಟರು. ಯಾರಾದರೂ ಒಂದು ಮೊಟ್ಟೆಯನ್ನು ಮಾತ್ರ ಕಿತ್ತುಕೊಂಡು ಹೋಗಿದ್ದರೆ ಈ ಕಥೆಯೇ ನಮಗೆ ಸಿಗುತ್ತಿರಲಿಲ್ಲ.

ಪಕ್ಕದಲ್ಲಿ ಪೆನ್ನೋ ನಾಣ್ಯವೋ ಇಟ್ಟು ಫೋಟೋ ತೆಗೆಯಿರಿ. ಒಂದು ಹತ್ತಿರದಿಂದ, ಒಂದು ಇಡೀ ಬಂಡೆ ಕಾಣುವಂತೆ. ಫೋನಿನಲ್ಲಿ ಜಾಗ ಗುರುತು ಹಾಕಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಕಳಿಸಿ. ಜಾಗವನ್ನು ಸೋಷಿಯಲ್ ಮೀಡಿಯಾದಲ್ಲಿ ಹಾಕಬೇಡಿ. ಕಣ್ಣಿಗೆ ಅಭ್ಯಾಸ ಆಗಬೇಕಿದ್ದರೆ ಮೊದಲು ಬಾಲಾಸಿನೋರ್ ಹತ್ತಿರದ ರೈಯೋಲಿಗೆ ಹೋಗಿ, ಅಲ್ಲಿ ಮ್ಯೂಸಿಯಂ ಜೊತೆಗೆ ಪಳೆಯುಳಿಕೆ ಉದ್ಯಾನವೂ ಇದೆ.