ಜೀಪಿಗೆ ವೈರ್‌ಲೆಸ್ ಕೂರಿಸಿದ್ದು: ಕೇಳಿಸುತ್ತಿತ್ತು, ತಲುಪುತ್ತಿರಲಿಲ್ಲ

ನನ್ನ ಜೀಪಿಗೆ ಮೊದಲ ಸಲ ವೈರ್‌ಲೆಸ್ ಸೆಟ್ ಕೂರಿಸಿದಾಗ ಅರ್ಧ ದಿನದಲ್ಲಿ ಕೆಲಸ ಮುಗಿದಿತ್ತು. ಡ್ಯಾಶ್‌ಬೋರ್ಡ್ ಕೆಳಗೆ ಸೆಟ್, ಕರೆಂಟಿಗೆ ಸಿಗರೇಟ್ ಲೈಟರ್ ಸಾಕೆಟ್, ಹಿಂಬಾಗಿಲ ಮೇಲಿನ ಸ್ಟೆಪ್ನಿ ಚೌಕಟ್ಟಿಗೆ ಆಂಟೆನಾ. ಪಕ್ಕದಲ್ಲೇ ನಿಂತಿದ್ದ ಗೆಳೆಯನ ಗಾಡಿಯೊಡನೆ ಮಾತಾಡಿ ನೋಡಿದೆ, ಸ್ಪಷ್ಟವಾಗಿತ್ತು. ಮುಂದಿನ ವಾರ ಮೂರು ಗಾಡಿ ಕಣಿವೆಗೆ ಇಳಿದೆವು. ನನ್ನದು ಮುಂದಿನ ಗಾಡಿ. ಹಳ್ಳ ದಾಟಿದ ಮೇಲೆ ದಾರಿ ಕುಸಿದಂತೆ ಕಂಡಿತು. ಎಂಜಿನ್ ನಿಲ್ಲಿಸಿ ಇಳಿದು ನೋಡಿದೆ. ಅರ್ಧ ದಾರಿಯೇ ಇಲ್ಲ. ಹಿಂದಿನವರಿಗೆ ‘ಹಳ್ಳ ಇಳೀಬೇಡಿ’ ಎನ್ನಬೇಕು. ಅವರಿಬ್ಬರ ಮಾತು ನನಗೆ ಕೇಳುತ್ತಿದೆ, ನಾನು ಮೈಕ್ ಒತ್ತಿದರೆ ಮಾತ್ರ ಸೆಟ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಎಂಜಿನ್ ಶುರು ಮಾಡಿ ಒತ್ತಿದೆ. ಈ ಸಲ ಸೆಟ್ ಆರಲಿಲ್ಲ, ಆದರೆ ಅವರಿಗೆ ಮಾತೂ ತಲುಪಲಿಲ್ಲ. ಕೊನೆಗೆ ಹಿಂದಕ್ಕೆ ಓಡಿ ಹೋಗಿ ಕೈಬೀಸಿ ನಿಲ್ಲಿಸಿದೆ.

ಆ ರಾತ್ರಿ ಅರ್ಥವಾದದ್ದಿಷ್ಟು: ಕೇಳುವುದಕ್ಕೆ ಸೆಟ್ಟಿಗೆ ಒಂದು ಆಂಪಿಯರ್‌ಗಿಂತ ಕಡಿಮೆ ಕರೆಂಟ್ ಸಾಕು, ಕೆಟ್ಟ ಆಂಟೆನಾ ಇದ್ದರೂ ಹೇಗೋ ನಡೆಯುತ್ತದೆ. 50 ವ್ಯಾಟಿನಲ್ಲಿ ಮಾತಾಡಲು ಹೊರಟರೆ ಅದೇ ಸೆಟ್ 10–12 ಆಂಪಿಯರ್ ಎಳೆಯುತ್ತದೆ. ವೈರಿಂಗಿನ ತಪ್ಪು, ಆಂಟೆನಾದ ತಪ್ಪು ಎರಡೂ ಬಯಲಾಗುವುದು ಆಗಲೇ. ಹಾಗಾಗಿ ‘ಚೆನ್ನಾಗಿ ಕೇಳಿಸ್ತಿದೆ’ ಎಂಬುದನ್ನು ನಾನು ಈಗ ಪರೀಕ್ಷೆ ಎಂದೇ ಪರಿಗಣಿಸುವುದಿಲ್ಲ.

ನನ್ನದು ಹ್ಯಾಮ್‌ನವರ (ಹವ್ಯಾಸಿ ರೇಡಿಯೋದವರ) 2 ಮೀಟರ್ ಬ್ಯಾಂಡಿನ, ಅಂದರೆ 145 ಮೆಗಾಹರ್ಟ್ಸ್ ಆಸುಪಾಸಿನ ಸೆಟ್. ನಮ್ಮ ಮೂವರಿಗೂ ಪರವಾನಗಿ ಇದೆ. ಯಾವ ಬ್ಯಾಂಡಿಗೆ ಪರವಾನಗಿ ಬೇಕು, ಎಷ್ಟು ವ್ಯಾಟ್ ಬಳಸಬಹುದು ಎಂಬುದು ಒಂದೊಂದು ದೇಶದಲ್ಲಿ ಒಂದೊಂದು ರೀತಿ. ಸೆಟ್ ಕೊಳ್ಳುವ ಮೊದಲೇ ತಿಳಿದುಕೊಳ್ಳಬೇಕಾದದ್ದು ಅದು.

ಮೊದಲು ಕರೆಂಟಿನ ದಾರಿ ಸರಿಮಾಡಿದೆ. ಎಂಜಿನ್ ನಿಂತಿರುವಾಗ ಲೈಟರ್ ಸಾಕೆಟ್ಟಿಗೆ ಮಲ್ಟಿಮೀಟರ್ ಹಿಡಿದರೆ 12.5 ವೋಲ್ಟ್. ಮೈಕ್ ಒತ್ತಿದ ಕೂಡಲೇ 11ಕ್ಕಿಂತ ಕೆಳಗೆ. ಸಣ್ಣ ವೈರು, ಸಡಿಲ ಸ್ಪ್ರಿಂಗು, ನಡುವೆ ನಾಲ್ಕಾರು ಕನೆಕ್ಟರು. ಒಂದೊಂದೂ ತನ್ನ ಪಾಲು ತಿನ್ನುತ್ತದೆ. ಸಾಕೆಟ್ಟನ್ನು ಬಿಟ್ಟು ಬ್ಯಾಟರಿಯಿಂದಲೇ ಬೇರೆ ಜೋಡಿ ವೈರ್ ಎಳೆದೆ. ದಪ್ಪ ಎಷ್ಟಿರಬೇಕು ಎಂದು ಲೆಕ್ಕ ಹಾಕಿದೆ: ಹೋಗಿ ಬರುವ ದಾರಿ ಸೇರಿ 8 ಮೀಟರ್ ತಾಮ್ರದ ವೈರಿನಲ್ಲಿ 10 ಆಂಪಿಯರ್ ಹರಿದರೆ, 2.5 ಚದರ ಮಿ.ಮೀ. ವೈರಿನಲ್ಲಿ ಸುಮಾರು 0.55 ವೋಲ್ಟ್ ಸೋರಿಹೋಗುತ್ತದೆ, 6 ಚದರ ಮಿ.ಮೀ. ವೈರಿನಲ್ಲಿ 0.23. ನಾನು 6ರದ್ದನ್ನೇ ಹಾಕಿದೆ.

ಪಾಸಿಟಿವ್ ವೈರಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೇ 15 ಆಂಪಿಯರ್ ಫ್ಯೂಸ್ ಹಾಕಿದೆ. ಸೆಟ್ಟಿನ ಹತ್ತಿರ ಫ್ಯೂಸ್ ಹಾಕಿ ಸುಮ್ಮನಾಗುವವರನ್ನು ಕಂಡಿದ್ದೇನೆ. ನಡುದಾರಿಯಲ್ಲಿ ವೈರ್ ಉಜ್ಜಿ ಬಾಡಿಗೆ ತಗುಲಿದರೆ ಆ ಫ್ಯೂಸ್ ಏನೂ ಮಾಡಲಾರದು, ವೈರು ಕೆಂಪಗೆ ಕಾದು ಹೊತ್ತಿಕೊಳ್ಳುತ್ತದೆ. ಎಂಜಿನ್ ಕಡೆಯಿಂದ ಒಳಕ್ಕೆ ವೈರ್ ತರಲು ತಗಡಿನಲ್ಲಿ ಮೊದಲೇ ಇದ್ದ ತೂತನ್ನು ಬಳಸಿ, ಅಂಚಿಗೆ ರಬ್ಬರ್ ಬುಷ್ ಕೂರಿಸಿದೆ. ನೆಗೆಟಿವ್ ವೈರನ್ನು ಬ್ಯಾಟರಿಯ ಅರ್ತ್ ಪಟ್ಟಿ ಬಾಡಿಗೆ ಸೇರುವ ಬೋಲ್ಟಿಗೆ ಕೊಟ್ಟೆ. ಎಷ್ಟೋ ಹೊಸ ಗಾಡಿಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿಯಲ್ಲಿ ಕರೆಂಟ್ ಅಳೆಯುವ ಸೆನ್ಸರ್ ಇರುತ್ತದೆ. ನೇರ ಆ ತುದಿಗೇ ಕಟ್ಟಿದರೆ ಅದರ ಲೆಕ್ಕ ತಪ್ಪುತ್ತದೆ.

ವೈರಿನ ತುದಿಗೆ ಹಾಕುವ ಲೋಹದ ಲಗ್‌ಗಳನ್ನೆಲ್ಲ ಸೋಲ್ಡರ್ ಮಾಡದೆ ಕ್ರಿಂಪ್ ಮಾಡಿದೆ, ಅಂದರೆ ಇಕ್ಕಳದಿಂದ ಒತ್ತಿ ಬಿಗಿದೆ. ಸೋಲ್ಡರ್ ಹರಿದ ಎಳೆಗಳು ಕಡ್ಡಿಯಂತೆ ಬಿರುಸಾಗುತ್ತವೆ, ಕಲ್ಲುದಾರಿಯ ನಡುಕಕ್ಕೆ ಸೋಲ್ಡರ್ ಮುಗಿಯುವ ಅಂಚಿನಲ್ಲಿಯೇ ಮುರಿಯುತ್ತವೆ.

ಆಂಟೆನಾ ನನ್ನನ್ನು ಎರಡು ವಾರ ಕಾಡಿತು. ಆಂಟೆನಾ ಸೆಟ್ಟಿಗೆ ಎಷ್ಟು ಹೊಂದುತ್ತದೆ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್ ತಂದು ನೋಡಿದರೆ 3ಕ್ಕೂ ಮೇಲೆ. 1 ಇದ್ದರೆ ಪೂರ್ತಿ ಹೊಂದಾಣಿಕೆ. 3 ಎಂದರೆ ಕಳಿಸಿದ ಶಕ್ತಿಯಲ್ಲಿ ಕಾಲು ಭಾಗ ಆಂಟೆನಾದಿಂದ ಸೆಟ್ಟಿನ ಕಡೆಗೇ ತಿರುಗಿ ಬರುತ್ತಿದೆ ಎಂದರ್ಥ. ಅದನ್ನು ಕಂಡು ಸೆಟ್ ತನ್ನ ರಕ್ಷಣೆಗಾಗಿ ವ್ಯಾಟನ್ನು ತಾನೇ ಇಳಿಸಿಕೊಳ್ಳುತ್ತದೆ. ಕೇಬಲ್ ಕಳಚಿ ಪರೀಕ್ಷಿಸಿದೆ: ನಡುತಂತಿ ತುದಿಯಿಂದ ತುದಿಗೆ ಸರಿ, ನಡುತಂತಿಗೂ ಹೊರಜಾಲರಿಗೂ ಶಾರ್ಟ್ ಇಲ್ಲ. ಬ್ರಾಕೆಟ್ಟಿಗೂ ಬಾಡಿಗೂ ನಡುವೆ ಮಲ್ಟಿಮೀಟರ್ ಸೊನ್ನೆಯ ಹತ್ತಿರವೇ ತೋರಿಸಿತು. ನನಗೆ ದಾರಿ ತಪ್ಪಿದ್ದು ಅಲ್ಲೇ. ಬ್ಯಾಟರಿ ಕರೆಂಟಿಗೆ ಒಳ್ಳೆಯ ಅರ್ತ್ ಆಗಿರುವ ಬಾಗಿಲ ಕೀಲು, 145 ಮೆಗಾಹರ್ಟ್ಸಿನ ಕರೆಂಟಿಗೆ ಅಡ್ಡಗಟ್ಟೆಯಾಗಬಹುದು. ಕಾಲು ತರಂಗದ, ಅಂದರೆ ರೇಡಿಯೋ ಅಲೆಯ ಉದ್ದದ ಸುಮಾರು ಕಾಲು ಭಾಗದಷ್ಟಿರುವ ಆಂಟೆನಾ ಅರ್ಧ ಮಾತ್ರ. ಅದರ ಉಳಿದರ್ಧ ಗಾಡಿಯ ತಗಡು. ಸ್ಟೆಪ್ನಿ ಚೌಕಟ್ಟಿನ ಮೇಲೆ ಕೂರಿಸಿ ನಾನು ಆ ಅರ್ಧವನ್ನೇ ಕಿತ್ತುಕೊಂಡಿದ್ದೆ. ಮೇಲಾಗಿ ಟೈರು ಆಂಟೆನಾದ ಬುಡಕ್ಕೇ ಒರಗಿತ್ತು.

ತಗಡಿನ ಚಾವಣಿ ಇರುವವರು ಯೋಚಿಸಬೇಕಿಲ್ಲ, ಚಾವಣಿಯ ನಡುಮಧ್ಯವೇ ಎಲ್ಲಕ್ಕಿಂತ ಒಳ್ಳೆಯ ಜಾಗ. ನನ್ನದು ಕ್ಯಾನ್ವಾಸ್. ಬಂಪರ್ ತಗ್ಗಾಯಿತು, ಬಾನೆಟ್ಟಿಗೆ ಮತ್ತದೇ ಕೀಲಿನ ತೊಂದರೆ. ಕೊನೆಗೆ ವಿಂಡ್‌ಶೀಲ್ಡ್ ಬುಡದ ಎಡ ಮೂಲೆಯಲ್ಲಿ, ಬಾಡಿಗೇ ಬಿಗಿದ ದಪ್ಪ ಉಕ್ಕಿನ ಎಲ್ ಬ್ರಾಕೆಟ್ ಹಾಕಿದೆ. ಬ್ರಾಕೆಟ್ ಕೂರುವಲ್ಲಿ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ, ಬಿಗಿದ ಮೇಲೆ ಸುತ್ತ ಬಣ್ಣ ಬಳಿದೆ. ಇಲ್ಲದಿದ್ದರೆ ತುಕ್ಕು ಬಂದು ಅರ್ತ್ ಮತ್ತೆ ಹೋಗುತ್ತದೆ. ಮೂಲೆಯಲ್ಲಿಟ್ಟ ಆಂಟೆನಾ, ಹೆಚ್ಚು ತಗಡು ಹರಡಿರುವ ದಿಕ್ಕಿಗೆ ಹೆಚ್ಚು ಬಲವಾಗಿ ಕಳಿಸುತ್ತದೆ. ನನಗಿದು ಬಲಹಿಂಬದಿ. ಸಾಲಿನ ಮುಂದೆ ಹೋಗುವವನಿಗೆ ಕೇಳಬೇಕಾದವರು ಹಿಂದೆಯೇ ಇರುವುದರಿಂದ ಆ ಮೂಲೆ ನನಗೆ ಒಗ್ಗಿತು.

145 ಮೆಗಾಹರ್ಟ್ಸಿಗೆ ಕಾಲು ತರಂಗದ ಕಡ್ಡಿ ಸುಮಾರು 49 ಸೆಂ.ಮೀ. ನಾನು 52ರಿಂದ ಶುರು ಮಾಡಿದೆ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು. ಬಯಲಲ್ಲಿ ಗಾಡಿ ನಿಲ್ಲಿಸಿ, ಬಾನೆಟ್ ಬಾಗಿಲು ಮುಚ್ಚಿ, ಕಡಿಮೆ ಶಕ್ತಿಯಲ್ಲಿ, ಬ್ಯಾಂಡಿನ ಎರಡೂ ತುದಿಯಲ್ಲಿ ಅಳೆದೆ. ಕೆಳತುದಿಯಲ್ಲಿ 1.6, ಮೇಲ್ತುದಿಯಲ್ಲಿ 1.8. ಮೇಲಕ್ಕೆ ಹೋದಂತೆ ಹೆಚ್ಚಿದರೆ ಕಡ್ಡಿ ಉದ್ದವಾಗಿದೆ ಎಂದು ಲೆಕ್ಕ. ಮೂರು ಮಿ.ಮೀ. ಕತ್ತರಿಸಿದರೆ ಹೊಂದಾಣಿಕೆ ಸುಮಾರು 0.9 ಮೆಗಾಹರ್ಟ್ಸ್ ಮೇಲಕ್ಕೆ ಸರಿಯುತ್ತದೆ. ಅಷ್ಟಷ್ಟೇ ಕತ್ತರಿಸುತ್ತ ಹೋದೆ. ಎರಡೂ ತುದಿಯಲ್ಲಿ 1.2ಕ್ಕೆ ಬಂದಾಗ ನಿಲ್ಲಿಸಿದೆ. 1.2 ಮೀಟರ್ ಉದ್ದದ ಆಂಟೆನಾ ಬಯಲಿನಲ್ಲಿ ಇನ್ನೂ ದೂರ ಮುಟ್ಟುತ್ತದೆ ನಿಜ, ಆದರೆ ಅದು ಶಕ್ತಿಯನ್ನು ದಿಗಂತದ ಕಡೆ ಹಿಂಡಿ ಕಳಿಸುತ್ತದೆ. ಕೆಳಗೊಬ್ಬ ಮೇಲೊಬ್ಬ ಇರುವ ಗುಡ್ಡದಲ್ಲಿ ಗಿಡ್ಡ ಕಡ್ಡಿಯೇ ವಾಸಿ, ಕೊಂಬೆಗೂ ಸಿಗುವುದಿಲ್ಲ.

ಸೆಟ್ಟನ್ನು ಗೇರ್ ಲಿವರಿನ ಎಡಕ್ಕೆ, ಏರ್‌ಬ್ಯಾಗ್ ಉಬ್ಬುವ ಜಾಗ ಬಿಟ್ಟು, ನಾಲ್ಕು ಬೋಲ್ಟಿನಲ್ಲಿ ಕೂರಿಸಿದೆ. ಮೈಕ್ ಕೊಂಡಿಯನ್ನು ಕತ್ತಲಲ್ಲಿ ಕಣ್ಣು ತಿರುಗಿಸದೆ ಕೈಗೆ ಸಿಗುವಲ್ಲಿ ಹಾಕಿದೆ. ಎಂಜಿನ್ ವೇಗಕ್ಕೆ ತಕ್ಕಂತೆ ಕೀರಲು ಸದ್ದೊಂದು ಬರುತ್ತಿತ್ತು, ಅದು ಆಲ್ಟರ್ನೇಟರಿನದು. ಬ್ಯಾಟರಿಯಿಂದಲೇ ವೈರ್ ಎಳೆದ ಮೇಲೆ ಬಹುಪಾಲು ಹೋಯಿತು, ಉಳಿದದ್ದು ವೈರಿನ ದಾರಿಯಲ್ಲಿ ಫಿಲ್ಟರ್ ಸೇರಿಸಿದಾಗ ನಿಂತಿತು.

ತಿಂಗಳ ನಂತರ ಅದೇ ಕಣಿವೆಗೆ ಹೋಗಿ, ಅದೇ ಹಳ್ಳದಾಚೆ ಎಂಜಿನ್ ನಿಲ್ಲಿಸಿ ಮೈಕ್ ಒತ್ತಿದೆ. ‘ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ’ ಅಂದರು. ಸೆಟ್ ಹಳೆಯದೇ, ವ್ಯಾಟೂ ಅಷ್ಟೇ.

ಈಗ ಪ್ರತಿ ಕಠಿಣ ದಾರಿಯ ನಂತರ ಎರಡು ಜಾಗ ನೋಡುತ್ತೇನೆ. ಒಂದು, ಬ್ರಾಕೆಟ್ಟಿನ ನಟ್. ಇನ್ನೊಂದು, ಆಂಟೆನಾ ಬುಡದ ಕನೆಕ್ಟರ್: ಮೊದಲ ಮಳೆಗಾಲದಲ್ಲಿ ಅಲ್ಲಿ ನೀರು ಇಳಿದು ಕೇಬಲ್ಲಿನ ಜಾಲರಿ ಒಂದಡಿ ದೂರ ಕಪ್ಪಾಗಿತ್ತು. ಹೊಸ ಕೇಬಲ್ ಹಾಕುವಾಗ ತನ್ನಷ್ಟಕ್ಕೇ ಬೆಸೆಯುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಎಳೆದು ಸುತ್ತಿ, ನೀರು ಜಾರಿ ತೊಟ್ಟಿಕ್ಕಲು ಕೇಬಲ್ಲನ್ನು ಒಳಕ್ಕೆ ಹೋಗುವ ಮುನ್ನ ಸ್ವಲ್ಪ ಕೆಳಕ್ಕೆ ಬಾಗಿಸಿ ಬಿಟ್ಟಿದ್ದೇನೆ.