ಕಲ್ಲು ನಿಲ್ಲಿಸಿದವರು ಯಾರು? ನನ್ನ ಪಿಎಚ್‌.ಡಿ. ಓಡಾಟ

ಪಿಎಚ್‌.ಡಿ.ಗೆ ಸೇರಿದ ಮೊದಲ ವರ್ಷ ನಾನು ಒಂದೇ ಒಂದು ಕಲ್ಲನ್ನೂ ನೋಡಲಿಲ್ಲ. ನನ್ನ ವಿಷಯ ಸೊರಬ ಸೀಮೆಯ ವೀರಗಲ್ಲುಗಳು. ಆದರೆ ಕೂತಿದ್ದು ಮಾತ್ರ ಗ್ರಂಥಾಲಯದಲ್ಲಿ, ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟದ ಮುಂದೆ. ಬಿ.ಎಲ್. ರೈಸ್ ಅವರು 1904ರಲ್ಲಿ ಹೊರತಂದದ್ದು ಅದು. ಸೊರಬ, ಸಾಗರ, ನಗರ, ತೀರ್ಥಹಳ್ಳಿಯ ಶಾಸನಗಳು ಅದರಲ್ಲಿವೆ. ಹಾಳೆ ಮುಟ್ಟಿದರೆ ಮುರಿಯುತ್ತಿತ್ತು. ಕೊನೆಗೆ ಸ್ಕ್ಯಾನ್ ಪ್ರತಿಯನ್ನು ಪ್ರಿಂಟ್ ತೆಗೆಸಿ ಬೈಂಡ್ ಮಾಡಿಸಿಕೊಂಡೆ.

ಒಂದು ಶಾಸನಕ್ಕೆ ಒಂದು ಕಾರ್ಡು ಬರೆದೆ. ಊರು, ಕಾಲ, ಆಗ ಆಳುತ್ತಿದ್ದ ಅರಸ, ಸತ್ತವನ ಹೆಸರು, ಯಾಕೆ ಸತ್ತ. ತುಱುಗೊಳ್ ಅಂದರೆ ದನ ಹೊಡೆದುಕೊಂಡು ಹೋಗುವುದು. ಆ ದನ ಬಿಡಿಸಲು ಹೋಗಿ ಸತ್ತವರ ಕಾರ್ಡುಗಳೇ ಜಾಸ್ತಿ ಆದವು. ಊರಳಿವು, ಪೆಣ್ಬುಯ್ಯಲ್ ಅನ್ನುವ ಮಾತುಗಳನ್ನೂ ಆಗಲೇ ಕಲಿತೆ. ಊರು ಹಾಳಾಗುವಾಗ ಅಡ್ಡ ನಿಂತವರು, ಹೆಂಗಸರ ಕೂಗು ಕೇಳಿ ಓಡಿದವರು. ಓದುತ್ತಾ ಓದುತ್ತಾ ಆ ಜನ ನನಗೆ ಹತ್ತಿರದವರಂತೆ ಆದರು.

ಕಾರ್ಡುಗಳನ್ನು ಗೈಡ್ ಹತ್ತಿರ ಒಯ್ದೆ. ಸರ್ ಒಂದೊಂದೇ ತಿರುವಿ ನೋಡಿದರು. 'ಸತ್ತವನ ಬಗ್ಗೆ ಎಲ್ಲ ಬರೆದಿದ್ದೀಯಮ್ಮ. ಕಲ್ಲು ನಿಲ್ಲಿಸಿದ್ದು ಯಾರು?' ಅಂದರು.

ಆ ಒಂದು ಪ್ರಶ್ನೆಯಿಂದ ನನ್ನ ಪ್ರಬಂಧದ ದಾರಿಯೇ ಬದಲಾಯಿತು. ಕಾರ್ಡಿನಲ್ಲಿ ಹೊಸದೊಂದು ಕಾಲಂ ಸೇರಿಸಿದೆ. ಮತ್ತೆ ಮೊದಲಿಂದ ಓದಿದೆ. ಕೆಲವು ಕಡೆ ಅಣ್ಣ ತಮ್ಮ, ಕೆಲವು ಕಡೆ ಮಗ, ಕೆಲವು ಕಡೆ ಊರಿನ ಗೌಡ. ಆದರೆ ಬಹಳಷ್ಟು ಕಾರ್ಡುಗಳಲ್ಲಿ ಆ ಜಾಗ ಖಾಲಿಯೇ ಉಳಿಯಿತು. ಯಾಕೆ ಅಂತ ಯೋಚಿಸಿದೆ. ನಿಲ್ಲಿಸಿದವರ ಮಾತು ಸಾಮಾನ್ಯವಾಗಿ ಶಾಸನದ ಕೊನೆಗೆ ಬರುತ್ತದೆ. ಕೊನೆ ಇರುವುದು ಕಲ್ಲಿನ ಕೆಳಗಡೆ. ಅಲ್ಲಿಗೇ ಮಣ್ಣು, ನೀರು, ಪಾಚಿ ಎಲ್ಲ ಬಂದು ಸೇರುವುದು. ಪುಸ್ತಕದಲ್ಲಿ ಆ ಸಾಲಿನ ಜಾಗದಲ್ಲಿ ಚುಕ್ಕಿಗಳಿದ್ದವು.

ನಿಲ್ಲಿಸಿದವರ ಮಾತು ಉಳಿದಿದ್ದರೆ ಎಷ್ಟು ಗೊತ್ತಾಗುತ್ತದೆ ಅನ್ನುವುದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ನೋಡಿ. ಸುಮಾರು 950ರದ್ದು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಅದರ ಒಡೆಯ ಮಣಲೇರ ನಿಲ್ಲಿಸಿದ ಕಲ್ಲು ಅದು. ಸುಮ್ನೆ ನಿಲ್ಲಿಸಿ ಹೋಗಲಿಲ್ಲ, ಭೂಮಿಯನ್ನೂ ಬಿಟ್ಟ. ಆ ಭೂಮಿ ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಅಂತ ಬರೆಸಿದ. ಸತ್ತದ್ದು ನಾಯಿ. ಆದರೆ ಆ ಸಾಲು ಓದುವಾಗ ನನಗೆ ಕಾಣುವುದು ಮಣಲೇರನ ದುಃಖ.

ಎರಡನೇ ವರ್ಷ ಊರೂರು ತಿರುಗಿದೆ. ಪುಸ್ತಕದಲ್ಲಿ 'ದೇವಸ್ಥಾನದ ಮುಂದೆ' ಎಂದಿದ್ದ ಕಲ್ಲು ಕೆರೆಯ ತೂಬಿನ ಹತ್ತಿರ ಸಿಕ್ಕಿದ್ದೂ ಉಂಟು. ಮೊದಲು ಊರಿನ ಹಿರಿಯರನ್ನು ಕೇಳುತ್ತಿದ್ದೆ. ರಕ್ಷಿತ ಸ್ಮಾರಕದ ಆವರಣದಲ್ಲಿರುವ ಕಲ್ಲಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕೇ ಬೇಕು. ಅಕ್ಷರ ಕಾಣಲಿ ಅಂತ ಸುಣ್ಣ, ಸೀಮೆಸುಣ್ಣ ತಿಕ್ಕುವುದನ್ನು ಮಾತ್ರ ಯಾರೂ ಮಾಡಬೇಡಿ. ಕಲ್ಲು ಹಾಳಾಗುತ್ತದೆ.

ಪಡಿಯಚ್ಚು ತೆಗೆಯುವುದನ್ನು, ಅಂದರೆ ಕಲ್ಲಿನ ಅಕ್ಷರವನ್ನು ಕಾಗದಕ್ಕೆ ಇಳಿಸಿಕೊಳ್ಳುವುದನ್ನು, ವಿಭಾಗದ ಹಿರಿಯರೊಬ್ಬರು ಕೈ ಹಿಡಿದು ಕಲಿಸಿದರು. ಕಲ್ಲನ್ನು ನೀರು ಹಾಕಿ ಮೆತ್ತನೆ ಬ್ರಷ್‌ನಿಂದ ತೊಳೆಯಬೇಕು. ಒದ್ದೆ ಕಾಗದವನ್ನು ಸುಕ್ಕಿಲ್ಲದಂತೆ ಹಾಸಬೇಕು. ಆಮೇಲೆ ದಪ್ಪ ಬ್ರಷ್‌ನಿಂದ ತಟ್ಟುತ್ತಾ ಹೋದರೆ ಕಾಗದ ಅಕ್ಷರದ ಗುಳಿಗೆ ಇಳಿಯುತ್ತದೆ. ಅರೆ ಒಣಗಿದಾಗ ಶಾಯಿ ಹಚ್ಚಿದ ಬಟ್ಟೆಯುಂಡೆಯಿಂದ ಹಗುರವಾಗಿ ತಟ್ಟಬೇಕು. ಕಪ್ಪಿನ ಮೇಲೆ ಬಿಳಿ ಅಕ್ಷರ ಎದ್ದು ಬರುತ್ತವೆ. ಪೂರ್ತಿ ಒದ್ದೆ ಇದ್ದಾಗ ಶಾಯಿ ಹಚ್ಚಿದರೆ ಎಲ್ಲ ಹರಡಿಬಿಡುತ್ತದೆ. ನನ್ನ ಮೊದಲ ನಾಲ್ಕು ಹಾಳೆ ಹೀಗೇ ಹೋದವು.

ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಟಾರ್ಚ್. ಕತ್ತಲಾದ ಮೇಲೆ ಕಲ್ಲಿನ ಪಕ್ಕದಿಂದ ಅಡ್ಡಡ್ಡ ಬೆಳಕು ಬಿಟ್ಟರೆ ಹಗಲಲ್ಲಿ ಕಾಣದ ಗೆರೆಗೂ ನೆರಳು ಬೀಳುತ್ತದೆ. ಎದುರಿಂದ ಬಿಟ್ಟರೆ ಏನೂ ಪ್ರಯೋಜನವಿಲ್ಲ.

ಒಂದು ಊರಿನಲ್ಲಿ ಕಲ್ಲು ಅಡಿಕೆ ತೋಟದ ಅಂಚಿನಲ್ಲಿತ್ತು. ಮೂರು ಪಟ್ಟಿಕೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಸತ್ತ ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ತೋಟದ ಮನೆಯ ಅಜ್ಜಿ ಅದಕ್ಕೆ ಪ್ರತಿ ಸೋಮವಾರ ಎಣ್ಣೆ ದೀಪ ಇಡುತ್ತಿದ್ದರು. ತೋಟಕ್ಕೆ ಚರಂಡಿ ಮಾಡುವಾಗ ಮನೆಯವರು ಬುಡದ ಮಣ್ಣು ತೆಗೆದಿದ್ದರು. ಪುಸ್ತಕದಲ್ಲಿ ಚುಕ್ಕಿಗಳಿದ್ದ ಸಾಲು ಅಲ್ಲಿ ಹೊರಗೆ ಬಂದಿತ್ತು.

ರಾತ್ರಿ ಎಂಟರ ಹೊತ್ತಿಗೆ ನಾನು ನೆಲದ ಮೇಲೆ ಮಲಗಿ ಟಾರ್ಚ್ ಬಿಟ್ಟೆ. ಮೊದಲ ಮೂರು ನಾಲ್ಕು ಅಕ್ಷರ ಸವೆದುಹೋಗಿದ್ದವು. ಆಮೇಲೆ ಒಂದು ಒತ್ತಕ್ಷರ. ಗಂಟೆಗಟ್ಟಲೆ ನೋಡಿದೆ. 'ಬ್ಬೆ'. ಅದರ ಮುಂದೆ 'ಕಲ್ಲ' ಅನ್ನುವುದು ಚೆನ್ನಾಗಿಯೇ ಕಾಣುತ್ತಿತ್ತು. ಅತ್ತಿಮಬ್ಬೆ, ಸಾವಿಯಬ್ಬೆ ಅಂತ ಹೆಸರು ಕೇಳಿದ್ದೀರಲ್ವಾ? ಆ ಕಾಲದ ಎಷ್ಟೋ ಹೆಂಗಸರ ಹೆಸರು ಹೀಗೇ ಮುಗಿಯುತ್ತವೆ. ಈ ಕಲ್ಲನ್ನು ನಿಲ್ಲಿಸಿದ್ದು ಒಬ್ಬ ಹೆಂಗಸು. ತಾಯಿಯೋ ಹೆಂಡತಿಯೋ ಅಕ್ಕನೋ ಹೇಳಲಾಗದು. ನನ್ನ ಕೈ ನಡುಗುತ್ತಿತ್ತು.

'ಎಂತ ಬರ್ದೈತೆ ತಂಗೀ?' ಅಜ್ಜಿ ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾರೆ ಆಯಮ್ಮನೂ ದೀಪ ಹಚ್ತಿದ್ಲೇನೋ' ಅಂದರು.

ಆ ಸಾಲನ್ನು ಪ್ರಬಂಧದಲ್ಲಿ ಹೇಗೆ ಬರೆಯಬೇಕು ಅನ್ನುವುದಕ್ಕೆ ತಿಂಗಳು ಹಿಡಿಯಿತು. ಕಂಡದ್ದು ಒಂದು ಒತ್ತಕ್ಷರ, ಊಹಿಸಿದ್ದು ಒಂದು ಹೆಸರಿನ ತುದಿ. ಕಂಡ ಅಕ್ಷರವನ್ನು ಹಾಗೇ ಕೊಟ್ಟೆ. ಊಹೆಯನ್ನು ಚೌಕ ಆವರಣದೊಳಗೆ ಹಾಕಿದೆ. ಫೋಟೋವನ್ನೂ ಪಡಿಯಚ್ಚನ್ನೂ ಪಕ್ಕಪಕ್ಕ ಇಟ್ಟೆ, ಓದುವವರು ತಾವೇ ನೋಡಿ ಒಪ್ಪಲಿ ಅಥವಾ ಬೇಡ ಅನ್ನಲಿ ಅಂತ. ವೈವಾದಲ್ಲಿ ಜಾಸ್ತಿ ಹೊತ್ತು ಚರ್ಚೆಯಾದದ್ದೂ ಆ ಪುಟದ ಮೇಲೆಯೇ.

ನನ್ನ ಕಾರ್ಡುಗಳಲ್ಲಿ ಆ ಕಾಲಂ ಖಾಲಿ ಇರುವ ಕಲ್ಲುಗಳು ಇನ್ನೂ 14 ಇವೆ. ಮಳೆಗಾಲದಲ್ಲಿ ಪಾಚಿ ಕಟ್ಟಿ ಏನೂ ಕಾಣುವುದಿಲ್ಲ. ದೀಪಾವಳಿ ಕಳೆದ ಮೇಲೆ ಹೊರಡುತ್ತೇನೆ. ಈ ಸಲ ಇಬ್ಬರು ಎಂ.ಎ. ಹುಡುಗಿಯರೂ ಜೊತೆಗೆ ಬರುತ್ತೇವೆ ಅಂದಿದ್ದಾರೆ. ಮೂರು ಟಾರ್ಚ್ ತೆಗೆದಿಟ್ಟಿದ್ದೇನೆ.